ಬಿ ಬ್ಲಾಕಿನ ಶಾಫ್ಟು

ಮೇ 29, 2005. ಭಾನುವಾರ. ಬೆಳಿಗ್ಗೆ 6:20

ಕೂಲರಿಗೆ ನೀರು ತುಂಬಿಸಿ ಈಗ ಕುಳಿತೆ. ಹದಿನಾಲ್ಕು ಬಕೆಟ್. ಪೈಪನ್ನು ಮತ್ತೆ ಯಾರೋ ಮಹಾನುಭಾವರು ಒಯ್ದಿದ್ದಾರೆ. ಸೊಸೈಟಿಯ ಪೈಪು ಅಂದರೆ ಎಲ್ಲರ ಅಪ್ಪನ ಆಸ್ತಿ.

ನಿನ್ನೆ ದಿಲ್ಲಿಯಲ್ಲಿ 44 ಡಿಗ್ರಿ. ಕೂಲರು ಹಗಲೂ ರಾತ್ರಿ ಓಡುತ್ತದೆ, ಮನೆ ಮಾತ್ರ ಇಡ್ಲಿ ಪಾತ್ರೆ. ಗೋಡೆ ಒದ್ದೆ, ಹಾಸಿಗೆ ಒದ್ದೆ, ಉಪ್ಪು ನೀರಾಗಿದೆ. ಪದ್ಮಾಗೆ ರೇಗಿ ಹೋಗಿದೆ. "ಎ.ಸಿ. ಹಾಕಿಸಿ, ಇಲ್ಲ ನನ್ನನ್ನ ಧಾರವಾಡದ ರೈಲು ಹತ್ತಿಸಿ. ಇಂಜಿನಿಯರ್ ಗಂಡ ಇದ್ದೂ ಈ ಗತಿ!"

ಎ.ಸಿ. ಬೇಕಿಲ್ಲ. ಕೂಲರಿನ ತಪ್ಪೂ ಅಲ್ಲ. ಒಳಗೆ ಬಂದ ತೇವದ ಗಾಳಿಗೆ ಹೊರಗೆ ಹೋಗುವ ದಾರಿ ಬೇಕು, ಅಷ್ಟೇ. ಆ ದಾರಿ ನಮ್ಮ ಬಚ್ಚಲ ಹಿಂದೆಯೇ ಇದೆ. ಶಾಫ್ಟು. ನೆಲದಿಂದ ತಾರಸಿಯವರೆಗೆ ಆರು ಮಹಡಿ ಉದ್ದದ ಗೂಡು, ಹನ್ನೆರಡು ಮನೆಗಳ ಬಚ್ಚಲ ಕಿಟಕಿ ಅದಕ್ಕೇ ತೆರೆಯುತ್ತದೆ. ಇವತ್ತಿನ ತನಕ ಪೈಪಿಗೂ ಪಾರಿವಾಳಕ್ಕೂ ಬಿಟ್ಟುಕೊಟ್ಟಿದ್ದೇವೆ. ತಾರಸಿಯಲ್ಲಿ ಅದರ ಬಾಯಿಗೆ ಒಂದೇ ಒಂದು ದೊಡ್ಡ ಫ್ಯಾನು ಕೂರಿಸಿದರೆ ಹನ್ನೆರಡೂ ಮನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಾಲ್ಕನಿಯಿಂದ ಕೂಲರಿನ ತಂಪು ಒಳಗೆ, ಬಚ್ಚಲಿಂದ ಧಗೆ ಹೊರಗೆ. ಎರಡು ಎ.ಸಿ.ಗೆ ಬೇಕಾಗುವ ಕರೆಂಟಿನಲ್ಲಿ ಇಡೀ ಬ್ಲಾಕು ತಣ್ಣಗೆ.

ಸಂಜೆ ಪ್ರೆಸಿಡೆಂಟ್ ಖನ್ನಾಗೆ ಹೇಳಬೇಕು. ನಗುತ್ತಾನೆ. ನಗಲಿ.

ಜೂನ್ 19. ಭಾನುವಾರ. ಮಧ್ಯಾಹ್ನ 3:00

ಮಧ್ಯಾಹ್ನ ಮೂರಕ್ಕೆ ಹೊರಗೆ 43. ನಮ್ಮ ಹಾಲಿನಲ್ಲಿ 28! ಮೂರು ಥರ್ಮಾಮೀಟರಿನಲ್ಲಿ ನೋಡಿದೆ. ತನ್ವಿ ಚಾದರ ಹೊದ್ದುಕೊಂಡು ಮಲಗಿದ್ದಾಳೆ, ಜೂನ್ ತಿಂಗಳಲ್ಲಿ! "ಪಪ್ಪಾ, ಯು ಆರ್ ಎ ಜೀನಿಯಸ್, ಸಚ್ಚೀ" ಅಂದಳು. ಹನ್ನೆರಡನೇ ಕ್ಲಾಸಿನ ಹುಡುಗಿ ಅಪ್ಪನನ್ನು ಹೊಗಳುವುದು ವರ್ಷಕ್ಕೊಮ್ಮೆ. ಬರೆದಿಟ್ಟುಕೊಳ್ಳಬೇಕಾದ್ದೇ.

ಫ್ಯಾನು ಹಾಕಿದ್ದು ಗುರುವಾರ. ಅವತ್ತಿನಿಂದ ಲಿಫ್ಟಿನಲ್ಲಿ ಜನ ನಿಂತು ನಮಸ್ತೆ ಹೇಳುತ್ತಿದ್ದಾರೆ. ಖನ್ನಾ ಎಲ್ಲರೆದುರು ಬೆನ್ನು ತಟ್ಟಿದ — "ದೇವೇಂದ್ರಪ್ಪಾಜಿ, ಆಪ್‌ನೆ ತೋ ಕಮಾಲ್ ಕರ್ ದಿಯಾ!" ಮೊದಲು ನಕ್ಕಿದ್ದು ಇದೇ ಬಾಯಿ.

ಇಲಾಖೆಯಲ್ಲಿ ಇಪ್ಪತ್ತೇಳು ವರ್ಷ. ನಾನು ಬರೆದ ನಕ್ಷೆಗಳ ಕೆಳಗೆಲ್ಲ ಬೇರೆಯವರ ಸಹಿ. ಇದೊಂದು ನನ್ನದು. ಸಂತೋಷವಾಗಿದೆ. ಸುಮ್ಮನೆ ಸಂತೋಷ.

ನವೆಂಬರ್ 2. ಬುಧವಾರ. ಸಂಜೆ

ದೀಪಾವಳಿಯ ಹೊಗೆ ಇನ್ನೂ ಇಳಿದಿಲ್ಲ. ಆಕಾಶ ಮಡ್ಡಿ ನೀರಿನ ಬಣ್ಣ.

ನಾಲ್ಕು ತಿಂಗಳು ಇದನ್ನು ಬರೆಯಲು ಪುರುಸೊತ್ತಿಲ್ಲ. ಮೂರು ಸೊಸೈಟಿಯವರು ಬಂದು ಶಾಫ್ಟು ನೋಡಿ ಹೋದರು. ಗ್ರೇಟರ್ ನೋಯ್ಡಾದಿಂದ ಒಬ್ಬ ಬಿಲ್ಡರು ಬಂದಿದ್ದ, ಹದಿನಾಲ್ಕು ಟವರಿಗೂ ಇದೇ ಬೇಕಂತೆ. ವಿದ್ಯುತ್ ಉಳಿತಾಯದ ಸ್ಪರ್ಧೆಯೊಂದಕ್ಕೆ ನಮ್ಮ ಬ್ಲಾಕಿನ ಹೆಸರು ಕಳಿಸಿದ್ದೇವೆ. ಗೆದ್ದರೆ ಗೇಟಿನ ಹತ್ತಿರ ಕಲ್ಲು. ಕಲ್ಲಿನ ಮೇಲೆ ವಿನ್ಯಾಸಕಾರನ ಹೆಸರು.

ಇನ್ನೊಂದು ಕೆಲಸ ಮಾಡಿಸಿದೆ. ಎಲ್ಲರ ಎಲೆಕ್ಟ್ರಿಕ್ ಗೀಜರ್ ಕಿತ್ತು ಹಾಕಿಸಿ ಗ್ಯಾಸ್ ಗೀಜರ್. ಹನ್ನೆರಡಕ್ಕೆ ಹನ್ನೆರಡೂ ಮನೆ ಒಪ್ಪಿತು. ಬಚ್ಚಲ ಗೋಡೆಗೆ ಪೆಟ್ಟಿಗೆ, ಹೊಗೆಯ ಪೈಪು ಶಾಫ್ಟಿನೊಳಕ್ಕೆ. ಚಳಿಗಾಲದ ಕರೆಂಟಿನ ಲೋಡು ಅರ್ಧಕ್ಕಿಳಿಯುತ್ತದೆ. ನಲ್ಲಿ ತಿರುಗಿಸಿದ ತಕ್ಷಣ ಕುದಿನೀರು. ಪದ್ಮಾ ಖುಷಿ.

ಡಿಸೆಂಬರ್ 11. ಭಾನುವಾರ. ಮಧ್ಯಾಹ್ನ 1:30

ತಾರಸಿಯಿಂದ ಈಗ ಇಳಿದು ಬಂದೆ. ಕೈ ಮರಗಟ್ಟಿದೆ.

ಫ್ಯಾನು ನಿಲ್ಲಿಸಿ ತಿಂಗಳಾಯಿತು. ಆದರೂ ಶಾಫ್ಟಿನಿಂದ ಚಳಿ ಇಳಿದು ಬಚ್ಚಲಿಗೆ ಬರುತ್ತದೆಂದು ದೂರು. ಯೋಚಿಸಿದೆ. ಬೇಸಿಗೆಯಲ್ಲಿ ಧಗೆ ಹೊರಹಾಕಿದ ಶಾಫ್ಟು ಚಳಿಯಲ್ಲಿ ಬೆಚ್ಚಗಿನ ಗಾಳಿಯನ್ನು ಹಿಡಿದಿಟ್ಟುಕೊಳ್ಳಬಾರದೇಕೆ? ಮೇಲೆ ಬಾಯಿ ಮುಚ್ಚಿಬಿಟ್ಟರೆ ಹನ್ನೆರಡು ಮನೆಗಳ ನಡುವೆ ಒಂದು ಬೆಚ್ಚನೆಯ ಸ್ವೆಟರು. ಫ್ಯಾನಿನ ಮೇಲೆ ತಗಡು ಹಾಸಿ, ಸುತ್ತ ಥರ್ಮೊಕೋಲ್ ತುಂಬಿ, ಸಂದಿಗಳಿಗೆ ಸಿಲಿಕಾನ್ ಮೆತ್ತಿಸಿದೆ. ಸೂಜಿ ಹೋಗಲು ಜಾಗವಿಲ್ಲ. ಇನ್ನು ಯಾರಿಗೂ ಹೀಟರ್ ಬೇಕಾಗುವುದಿಲ್ಲ.

ಸ್ಪರ್ಧೆಯ ವರದಿಗೆ ಎರಡನೇ ಅಧ್ಯಾಯ ಸೇರಿಸಿದೆ. 'ಚಳಿಗಾಲದ ಲಾಭ.'

ಡಿಸೆಂಬರ್ 24. ಶನಿವಾರ. ಬೆಳಿಗ್ಗೆ 10:00

ಮನೆ ಬೆಚ್ಚಗಿದೆ. ಹೊರಗಿಗಿಂತ ಒಂಬತ್ತು ಡಿಗ್ರಿ ಹೆಚ್ಚು, ಹೀಟರಿಲ್ಲದೆ.

ತನ್ವಿಗೆ ತಲೆನೋವು. ವಾರದಿಂದ ಇದೇ ರಾಗ. ಸ್ನಾನ ಮುಗಿಸಿ ಬಂದು ಪುಸ್ತಕ ಹಿಡಿದರೆ ಕಣ್ಣು ಮಂಜು, ಹೊಟ್ಟೆ ತೊಳೆಸುತ್ತದೆ ಎನ್ನುತ್ತಾಳೆ. ಪ್ರೀ-ಬೋರ್ಡ್ ಪರೀಕ್ಷೆಯ ಟೆನ್ಶನ್. ಪದ್ಮಾಗೂ ತಲೆ ಭಾರ. ಅವಳದು ಕನ್ನಡಕದ ನಂಬರು, ಎಷ್ಟು ಹೇಳಿದರೂ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಿಲ್ಲ.

ಜಮಾದಾರ ಶಾಫ್ಟಿನ ತಳ ಗುಡಿಸುವಾಗ ಹನ್ನೊಂದು ಪಾರಿವಾಳ ಸಿಕ್ಕವಂತೆ. ಮುಚ್ಚುವಾಗ ಒಳಗೆ ಉಳಿದುಬಿಟ್ಟವು. ಒಂದಕ್ಕೂ ಗಾಯವಿಲ್ಲ. "ಸಾಬ್, ಸೋತೇ ಸೋತೇ ಮರ್ ಗಯೇ" ಅಂದ. ನಿದ್ದೆಯಲ್ಲಿ ಸತ್ತವು ಅಂತೆ, ಇವನೇನು ಪಕ್ಕದಲ್ಲಿ ಮಲಗಿದ್ದನೇ? ಕಾಳು ನೀರಿಲ್ಲದೆ ಸತ್ತಿರುತ್ತವೆ. ಪಾಪ ಅನ್ನಿಸಿತು. ಚೀಲದಲ್ಲಿ ಹಾಕಿ ಒಯ್ಯಲು ಹೇಳಿದೆ.

ಜನವರಿ 6, 2006. ಶುಕ್ರವಾರ. ಸಂಜೆ 7:00

ಸ್ಪರ್ಧೆಯವರು ಬಂದರು! ನಾಲ್ಕು ಜನ. ಪ್ರತಿ ಮನೆಯಲ್ಲೂ ತಾಪಮಾನ ದಾಖಲಿಸುವ ಸಣ್ಣ ಪೆಟ್ಟಿಗೆ ಇಟ್ಟರು. ತಾರಸಿಗೆ ಹತ್ತಿ ತಗಡಿನ ಮುಚ್ಚಳ ನೋಡಿ ಅವರ ಲೀಡರು "ಬ್ಯೂಟಿಫುಲ್" ಅಂದ. ಮುಚ್ಚಳಕ್ಕೆ ಅವರದೇ ಕಾಗದದ ಸೀಲು ಅಂಟಿಸಿದರು. ಇಪ್ಪತ್ತನೇ ತಾರೀಕಿನವರೆಗೆ ಯಾರೂ ಏನೂ ಮುಟ್ಟಬಾರದು. ಸೀಲು ಹರಿದರೆ ಸ್ಪರ್ಧೆಯಿಂದ ಹೊರಗೆ. ಇಪ್ಪತ್ತರಂದು ಗ್ರೇಟರ್ ನೋಯ್ಡಾದ ಬಿಲ್ಡರನ್ನೂ ಕರೆದುಕೊಂಡು ಬರುತ್ತಾರೆ.

ಹದಿನಾಲ್ಕು ದಿನ. ಸೀಲಿನ ಪಕ್ಕದಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಂಡೆ.

ಜನವರಿ 8. ಭಾನುವಾರ. ಬೆಳಿಗ್ಗೆ 11:15

ಇಂಥ ಚಳಿ ನೋಡಿಯೇ ಇಲ್ಲ. ಕಾರುಗಳ ಮೇಲೆ ಮಂಜುಗಡ್ಡೆ. ಶಾಲೆಗಳಿಗೆ ರಜೆ.

602ರ ಇಂದಿರಮ್ಮ ಬಚ್ಚಲಲ್ಲಿ ಬಿದ್ದರು. ಎಪ್ಪತ್ತು ವರ್ಷದ ಹೆಂಗಸು, ಒಂಟಿ. ಪುಣ್ಯಕ್ಕೆ ಚಿಲಕ ಹಾಕಿರಲಿಲ್ಲ, ಕೆಲಸದವಳು ಎಳೆದು ಹೊರಗೆ ಹಾಕಿದಳಂತೆ. ಡಾಕ್ಟರು ಬಿ.ಪಿ. ಅಂದರು. ಬಿ.ಪಿ. ಇರಬೇಕು. ವಯಸ್ಸು, ಚಳಿ.

ನಾನು ನೋಡಲು ಹೋದಾಗ ಮುಖ ಕೆಂಪಗಿತ್ತು. ಜ್ವರ ಬಂದವರ ಹಾಗಲ್ಲ... ಗುಲಾಬಿ ಕೆಂಪು. ಯಾಕೋ ಅದೇ ಕಣ್ಣ ಮುಂದಿದೆ.

ಜನವರಿ 9. ಸೋಮವಾರ. ಸಂಜೆ 6:40

ಆಫೀಸಿನಿಂದ ಬರುವಾಗ ಗೇಟಿನಲ್ಲೇ 601ರ ಸೂರ್ಯನಾರಾಯಣ ಕಾದಿದ್ದರು. ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು. ಮಫ್ಲರಿನೊಳಗಿಂದ ಎರಡು ಕಣ್ಣು ಮಾತ್ರ.

"ಇಂಜಿನಿಯರ್ ಸಾಹೇಬ್ರೆ, ಶಾಫ್ಟಿನ ಬಾಯಿ ಪೂರ್ತಿ ಮುಚ್ಚಿದ್ದೀರಾ?"

"ಪೂರ್ತಿ. ಗಾಳಿ ಆಡೋದಿಲ್ಲ" ಎಂದೆ. ಹೆಮ್ಮೆಯಿಂದಲೇ ಎಂದೆ.

"ಹಾಗಾದ್ರೆ ಹನ್ನೆರಡು ಗೀಜರಿನ ಹೊಗೆ ಎಲ್ಲಿಗೆ ಹೋಗ್ತಿದೆ?"

ಗೇಟು ದಾಟಲು ಹೆಜ್ಜೆ ಇಟ್ಟೆ. ಅವರು ಬಿಡಲಿಲ್ಲ. "ಹೋಗ್ತಾ ಇಲ್ಲ. ಅಲ್ಲೇ ತುಂಬ್ಕೊಂಡು ನಮ್ಮ ಬಚ್ಚಲಿಗೇ ವಾಪಸ್ ಬರ್ತಿದೆ. ಮೇಲಿನ ಮಹಡಿಯವರಿಗೆ ಹೆಚ್ಚು. ಗಾಳಿ ಸಾಲದೆ ಗ್ಯಾಸು ಉರಿದ್ರೆ ಕಾರ್ಬನ್ ಮೊನಾಕ್ಸೈಡ್, ಸ್ವಾಮಿ. ವಾಸನೆ ಇಲ್ಲ, ಬಣ್ಣ ಇಲ್ಲ. ಇಂದಿರಮ್ಮನ ಮುಖ ನೋಡಿದಿರಲ್ಲ? ಮನೆಗೆ ಹೋಗಿ ನಿಮ್ಮ ಗೀಜರಿನ ಉರಿ ನೋಡಿ. ನೀಲಿ ಇದ್ರೆ ನನ್ನನ್ನ ಹುಚ್ಚ ಅನ್ನಿ."

ನೋಡಿದೆ. ಬಾಗಿಲು ಹಾಕಿ, ನಲ್ಲಿ ಬಿಟ್ಟು, ಏಳು ನಿಮಿಷ ನಿಂತೆ. ಮೊದಲು ನೀಲಿ. ಆಮೇಲೆ ತುದಿ ಹಳದಿ. ಆಮೇಲೆ ಪೂರ್ತಿ ಹಳದಿ, ನಾಲಗೆ ಚಾಚಿಕೊಂಡು ಅತ್ತಿತ್ತ ಆಡಿತು. ಹಣೆಯ ಎರಡೂ ಪಕ್ಕ ಮಿಡಿಯತೊಡಗಿತು. ಆಫ್ ಮಾಡಿ ಹೊರಗೆ ಬಂದೆ.

ತನ್ವಿಯ ತಲೆನೋವು. ಪಾರಿವಾಳ. ಶಿವನೇ... ಒಬ್ಬ ಇಂಜಿನಿಯರು, ಇಪ್ಪತ್ತೇಳು ವರ್ಷದ ಸರ್ವೀಸು, ಹೊಗೆ ಮೇಲೆ ಹೋಗಬೇಕು ಎಂಬುದನ್ನೇ ಮರೆತ.

ರಾತ್ರಿ 8:00

ಕೈಯಲ್ಲಿ ಸ್ಪ್ಯಾನರು ಹಿಡಿದು ತಾರಸಿಯ ಬಾಗಿಲವರೆಗೂ ಹೋಗಿ ಬಂದೆ. ಮುಚ್ಚಳ ತೆಗೆಯಲು ಹತ್ತು ನಿಮಿಷ ಸಾಕು. ಸೀಲು ಹರಿಯಲು ಒಂದು ಕ್ಷಣ.

ಹರಿದರೆ? ಹನ್ನೊಂದು ದಿನ ಉಳಿದಿದೆ. ಯಾಕೆ ಹರಿದಿರಿ ಎಂದು ಕೇಳುತ್ತಾರೆ. ಏನು ಹೇಳಲಿ — ನನ್ನ ವಿನ್ಯಾಸ ಒಬ್ಬ ಮುದುಕಿಯನ್ನು ಬೀಳಿಸಿತು ಎಂದೇ? ಖನ್ನಾ ಇಡೀ ಮಯೂರ್ ವಿಹಾರ ಬಡಾವಣೆಗೆ ಡಂಗುರ ಸಾರುತ್ತಾನೆ.

ಯೋಚಿಸಿ ನೋಡಿದರೆ ಅಷ್ಟು ಭಯಪಡುವಂಥದ್ದಲ್ಲ. ಈ ಚಳಿಯಲ್ಲಿ ಯಾರು ಉದ್ದಕ್ಕೆ ಸ್ನಾನ ಮಾಡುತ್ತಾರೆ? ಬ್ಲಾಕಿನ ಜನ ಒಂದು ಬಕೆಟ್ ತುಂಬಿಸಿ ಐದು ನಿಮಿಷದಲ್ಲಿ ಮುಗಿಸುತ್ತಾರೆ. ಐದು ನಿಮಿಷಕ್ಕೆ ತಲೆನೋವು ಬಂದೀತು, ಅಷ್ಟೇ. ಇಂದಿರಮ್ಮ ಇನ್ನೂ ಆಸ್ಪತ್ರೆಯಲ್ಲಿ, ಅವರ ಮನೆಗೆ ಬೀಗ. ಮೇಷ್ಟ್ರು ಹುಷಾರಾಗಿದ್ದಾರೆ.

ಆದರೆ ತನ್ವಿ? ಆ ಹುಡುಗಿ ಬಚ್ಚಲಿಗೆ ಹೊಕ್ಕರೆ ಅರ್ಧ ಗಂಟೆ.

ಜನವರಿ 10. ಮಂಗಳವಾರ. ಬೆಳಿಗ್ಗೆ 6:00

ಎಲ್ಲರಿಗಿಂತ ಮೊದಲು ಎದ್ದು ನಮ್ಮ ಗೀಜರಿನ ಪೈಪು ಬಿಚ್ಚಿದೆ. ರೆಗ್ಯುಲೇಟರ್ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಗೀಜರ್ ಕೆಟ್ಟಿದೆ, ಪಾರ್ಟ್ಸ್ ಬರಬೇಕು, ಅಲ್ಲಿಯವರೆಗೆ ಬಕೆಟ್ಟಿಗೆ ರಾಡ್ ಹಾಕಿ ನೀರು ಕಾಯಿಸಿಕೊಳ್ಳಿ ಎಂದೆ.

ಪದ್ಮಾ: "ಹೊಸದು, ಮೂರು ತಿಂಗಳಾಗಿಲ್ಲ. ಹೇಗೆ ಕೆಟ್ಟಿತು?"

"ಯಂತ್ರ ಅಂದ ಮೇಲೆ ಕೆಡುತ್ತೆ."

"ಬೇರೆಯವರದ್ದು ಯಾರದ್ದೂ ಕೆಟ್ಟಿಲ್ಲವಲ್ಲ."

ಶೂ ಹಾಕಿಕೊಂಡೆ. ಅವಳಿಗೆ ನಿಜ ಹೇಳಿದರೆ ಸಂಜೆಯೊಳಗೆ ಬ್ಲಾಕಿಗೆಲ್ಲ ಗೊತ್ತಾಗುತ್ತದೆ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ.

ನಾಚಿಕೆಯಾಗುತ್ತಿದೆ. ಬರೆಯದೆ ಇದ್ದರೆ ಇನ್ನೂ ನಾಚಿಕೆ. ಹನ್ನೊಂದು ಮನೆಯ ಗೀಜರು ಹಾಗೇ ಇವೆ. ನನ್ನದೊಂದು ಬಿಚ್ಚಿದೆ.

ಜನವರಿ 12. ಗುರುವಾರ. ಸಂಜೆ 7:30

ಮೇಷ್ಟ್ರು ಮನೆಗೇ ಬಂದರು. ಪದ್ಮಾ ಚಹಾ ತರಲು ಒಳಗೆ ಹೋದಾಗ ದನಿ ತಗ್ಗಿಸಿ ಕೇಳಿದರು. "ಮುಚ್ಚಳ ಇನ್ನೂ ಯಾಕೆ ತೆಗೆದಿಲ್ಲ?"

"ಇಪ್ಪತ್ತರವರೆಗೆ ಟೈಮ್ ಕೊಡಿ."

"ಇಪ್ಪತ್ತಾ? ನಿಮಗೆ ತಲೆ ಕೆಟ್ಟಿದೆಯೇನ್ರಿ?"

ನನಗೂ ರೇಗಿತು. ಬೇಸಿಗೆಯಲ್ಲಿ ತಣ್ಣಗೆ ಮಲಗಿದಾಗ ಯಾರೂ ಕೆಮಿಸ್ಟ್ರಿ ಪಾಠ ಹೇಳಲಿಲ್ಲ ಎಂದೆ. ಮುದುಕರ ಮುಖ ಸಣ್ಣಗಾಯಿತು. ತಪ್ಪು ಮಾತಾಡಿದೆ. ಕೈ ಹಿಡಿದುಕೊಂಡೆ. ಕೊನೆಗೆ ಒಪ್ಪಂದ. ಭಾನುವಾರ ಹದಿನೈದಕ್ಕೆ ಜನರಲ್ ಬಾಡಿ ಮೀಟಿಂಗ್. ಅಷ್ಟರಲ್ಲಿ ನಾನೇ ತೆಗೆಸಿದರೆ ಸರಿ, ಇಲ್ಲದಿದ್ದರೆ ಅವರು ಎದ್ದು ನಿಂತು ಎಲ್ಲ ಹೇಳುತ್ತಾರೆ.

"ಅಲ್ಲೀವರೆಗೆ ಎಲ್ಲರ ಮನೆಗೂ ಒಂದು ಮಾತು ಹೇಳಿ, ಗೀಜರ್ ಹಚ್ಚಬೇಡಿ ಅಂತ."

"ಹೇಳ್ತೀನಿ" ಎಂದೆ.

ನೋಟಿಸ್ ಬರೆದೆ. ಎರಡು ಸಲ ಬರೆದೆ. ಮೂರು ಡಿಗ್ರಿ ಚಳಿಯಲ್ಲಿ ಗೀಜರ್ ಹಚ್ಚಬೇಡಿ ಎಂದರೆ ಯಾಕೆ ಎಂದು ಕೇಳದವರುಂಟೇ? ಹರಿದು ಹಾಕಿದೆ. ಮೂರೇ ದಿನ.

ಜನವರಿ 13. ಶುಕ್ರವಾರ. ಸಂಜೆ 6:15

ತೀರ್ಮಾನ ಮಾಡಿಬಿಟ್ಟೆ. ಭಾನುವಾರ ಬೆಳಿಗ್ಗೆ ಮೀಟಿಂಗಿಗೆ ಮುಂಚೆ ನಾನೇ ಸೀಲು ಹರಿಯುತ್ತೇನೆ. ಸ್ಪರ್ಧೆಯವರಿಗೆ ಪತ್ರ ಬರೆದು ಲಕೋಟೆಯಲ್ಲಿಟ್ಟಿದ್ದೇನೆ. ಒಂಬತ್ತು ದಿನದ ದಾಖಲೆಯಾದರೂ ಇರುತ್ತದೆ, ಅದನ್ನೇ ನೋಡಿ ಎಂದು ಕೇಳಿದ್ದೇನೆ. ಎದೆ ಹಗುರಾಯಿತು. ಮೂರು ದಿನದಿಂದ ಅನ್ನ ಸೇರುತ್ತಿರಲಿಲ್ಲ, ಈಗ ಎರಡು ರೊಟ್ಟಿ ತಿಂದೆ.

ಇವತ್ತೇ ಯಾಕೆ ಹರಿಯಬಾರದು ಎಂದು ಒಳಗೆ ಯಾರೋ ಕೇಳುತ್ತಿದ್ದಾರೆ. ನಾಳೆಯ ದಾಖಲೆಯೂ ಸೇರಲಿ. ಒಂಬತ್ತು ದಿನ ಅಂದರೆ ಒಂದು ಲೆಕ್ಕಕ್ಕೆ ಬರುತ್ತದೆ.

ಪದ್ಮಾ ಅಡಿಗೆಮನೆಯಲ್ಲಿ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತ ಗೊಣಗುತ್ತಿದ್ದಾಳೆ. ನಾಳೆ ಸಂಕ್ರಾಂತಿ, ಮನೆಯಲ್ಲಿ ಬಿಸಿನೀರಿಗೆ ಗತಿಯಿಲ್ಲವಂತೆ.

ಜನವರಿ 14. ಶನಿವಾರ. ಸಂಕ್ರಾಂತಿ. ಬೆಳಿಗ್ಗೆ 7:10

ಮಂಜು. ಎದುರಿನ ಎ ಬ್ಲಾಕು ಕಾಣುತ್ತಿಲ್ಲ. ಎಲ್ಲೋ ರೈಲು ಕೂಗುತ್ತಲೇ ಇದೆ.

ಪದ್ಮಾ ಎಳ್ಳು, ಅರಿಶಿನ ನುಣ್ಣಗೆ ಅರೆದಿಟ್ಟಿದ್ದಾಳೆ. ದಿಲ್ಲಿಗೆ ಬಂದು ಇಷ್ಟು ವರ್ಷದಲ್ಲಿ ಒಂದು ಸಂಕ್ರಾಂತಿಯೂ ತಪ್ಪಿಲ್ಲ. ಮೈಗೆಲ್ಲ ಎಳ್ಳು ಬಳಿದುಕೊಂಡು, ತಲೆಗೆ ಎಣ್ಣೆ ತಟ್ಟಿಕೊಂಡು, ಜಿಡ್ಡು ಹೋಗುವ ತನಕ ಕುದಿನೀರು ಹೊಯ್ದುಕೊಳ್ಳುವುದು. ನನಗೆ ಮೊದಲ ಪಾಳಿ. ರಾಡ್ ಹಾಕಿದ ಬಕೆಟ್ಟು ಒಂದೇ. ಜಿಡ್ಡು ಹಾಗೇ ಉಳಿಯಿತು. ಅಂಗಿ ಮೈಗೆ ಅಂಟುತ್ತಿದೆ.

ತನ್ವಿಯ ಗಲಾಟೆ. ಕೂದಲಿಂದ ಎಣ್ಣೆ ಇಳಿಯುತ್ತಿದೆ, ಮುಖದ ತುಂಬ ಎಳ್ಳು.

"ಪಪ್ಪಾ, ಒಂದು ಬಕೆಟ್‌ನಲ್ಲಿ ಹೇರ್ ವಾಶ್ ಕೈಸೆ ಹೋಗಾ? ಗೀಜರ್ ಕಬ್ ಠೀಕ್ ಕರಾಓಗೇ?"

"ಸೋಮವಾರ, ಪುಟ್ಟಿ. ಪಕ್ಕಾ."

"ಯು ಕ್ಯಾನ್ ಕೂಲ್ ದಿ ಹೋಲ್ ಬಿಲ್ಡಿಂಗ್, ಒಂದು ಗೀಜರ್ ರಿಪೇರಿ ಆಗಲ್ಲ!"

ನಕ್ಕೆ. ಬೈದರೂ ಮುದ್ದು ಬರುತ್ತದೆ. ತಲೆನೋವು ನಾಲ್ಕು ದಿನದಿಂದ ಇಲ್ಲವಂತೆ. ನೋಡು ಮತ್ತೆ, ನನ್ನ ಮಗಳು ಉಳಿದಳು. ಆ ಒಂದು ಕೆಲಸವಾದರೂ ಸರಿಯಾಗಿ ಮಾಡಿದೆ.

8:15

ಸ್ಪರ್ಧೆಯವರ ಫೋನು. ನಿನ್ನೆ ಬಂದು ದಾಖಲೆ ನೋಡಿಕೊಂಡು ಹೋದ ಹುಡುಗ ಮಾತಾಡಿದ. ಇಡೀ ದಿಲ್ಲಿಯಲ್ಲಿ ನಮ್ಮ ಅಂಕಿಗಳಷ್ಟು ಚೆನ್ನಾಗಿ ಯಾರದ್ದೂ ಇಲ್ಲವಂತೆ. "ಸರ್, ಅಂದರ್ ಕೀ ಬಾತ್ ಹೈ, ಯಾರಿಗೂ ಹೇಳಬೇಡಿ, ಆದರೆ ನೀವೇ ಫಸ್ಟ್."

ಲಕೋಟೆ ಮೇಜಿನ ಮೇಲಿದೆ. ಫಸ್ಟ್... ಆರು ದಿನ. ಬರೀ ಆರು ದಿನ. ಮೇಷ್ಟ್ರ ಹತ್ತಿರ ಇನ್ನೊಮ್ಮೆ ಮಾತಾಡಿ ನೋಡಿದರೆ? ಹಬ್ಬದ ನೆಪದಲ್ಲಿ ಎಳ್ಳು ಬೆಲ್ಲ ಕೊಟ್ಟು, ಕಾಲು ಹಿಡಿದಾದರೂ... ಇಷ್ಟು ದಿನ ಏನೂ ಆಗಿಲ್ಲ. ಇಂದಿರಮ್ಮನೂ ಗುಣವಾಗಿ ಮಗನ ಮನೆಗೆ ಹೋದರಂತೆ. ಎಲ್ಲರೂ ಚೆನ್ನಾಗಿಯೇ ಇದ್ದಾರೆ.

ಲಕೋಟೆಯನ್ನು ಡ್ರಾಯರಿಗೆ ಹಾಕಿದೆ. ಹರಿದಿಲ್ಲ. ಹಾಕಿದೆ ಅಷ್ಟೇ.

8:40

ಮನೆ ನಿಶ್ಶಬ್ದ. ಬಚ್ಚಲಲ್ಲಿ ನೀರಿನ ಸದ್ದಿಲ್ಲ. ರಾಡ್ ಹಾಕಿದ ಬಕೆಟ್ಟು ಹಬೆಯಾಡುತ್ತ ಹಾಗೇ ಕೂತಿದೆ. ತನ್ವಿಯನ್ನು ಕೂಗಿದೆ, ಉತ್ತರವಿಲ್ಲ. ಎಣ್ಣೆ ತಲೆಯಲ್ಲೇ ಪುಸ್ತಕ ಹಿಡಿದು ಮಲಗಿತೇ ಈ ಹುಡುಗಿ?

ಪದ್ಮಾ ಅಡಿಗೆಮನೆಯಿಂದಲೇ ಉತ್ತರ ಕೊಡುತ್ತಿದ್ದಾಳೆ. "ಅವಳೆಲ್ಲಿದ್ದಾಳ್ರೀ ಇಲ್ಲಿ? ಐದನೇ ಫ್ಲೋರಿಗೆ ಹೋದಳು, ಪುಷ್ಪಾವತಿ ಮನೆಗೆ. ಅವರೆಲ್ಲ ಬೆಳಿಗ್ಗೆನೇ ತಮ್ಮ ಹೋಟೆಲ್ ತೆರೆಯೋಕೆ ಹೋಗ್ತಾರಲ್ಲ, ಬೀಗದ ಕೈ ಕೊಟ್ಟು ಹೋಗಿದ್ದಾರೆ, ಆರಾಮಾಗಿ ಸ್ನಾನ ಮಾಡ್ಕೊಳ್ಳಲಿ ಅಂತ. ಅವರ ಗೀಜರ್ ಚೆನ್ನಾಗಿದೆ. ಏಳೂವರೆಗೇ ಹೋದವಳು, ಇನ್ನೂ ಪತ್ತೆ ಇಲ್ಲ ನೋಡಿ. ಒಂದು ಫೋನಾದ್ರೂ ಎತ್ತಬಾರದಾ, ಎರಡು ಸಲ ಮಾಡಿದೆ."

ಏಳೂವರೆ. ಈಗ ಎಂಟೂ ನಲವ—